ಹೊಲಿಗೆಯ ಪರೀಕ್ಷೆ

ಶಾಲೆಯ ಮೇಜಿನ ಮೇಲಿರುವ ಸಾಮಾನುಗಳಲ್ಲಿ ಸ್ಟೇಪ್ಲರಿನಷ್ಟು ದುಡಿದು ಅದರಷ್ಟು ಕಡಿಮೆ ಗೌರವ ಪಡೆಯುವ ವಸ್ತು ಇನ್ನೊಂದಿಲ್ಲ. ಪರೀಕ್ಷೆಯ ದಿನಗಳಲ್ಲಿ ಅದರ ಮೇಲೆ ಬೀಳುವ ಪೆಟ್ಟುಗಳನ್ನು ಬಲ್ಲವರು ಮಾಸ್ತರರೇ. ಎರಡೇ ಹಾಳೆಗಳಿಗೆ ಹೊಡೆದರೆ ಪಿನ್ನಿನ ಕಾಲು ಮಿಕ್ಕು ಬೆರಳಿಗೆ ಚುಚ್ಚುತ್ತದೆ. ನಲವತ್ತು ಹಾಳೆಗಳ ಕಟ್ಟಿಗೆ ಹೊಡೆದರೆ ಕಾಲು ನಡುದಾರಿಯಲ್ಲಿಯೇ ಸೊಟ್ಟಗಾಗಿ, ಮೇಲಿನ ಹಾಳೆ ಬಿಗಿಯಾಗಿ ಕಂಡರೂ ಕೆಳಗಿನದು ಜಾರಿ ಹೋಗುತ್ತದೆ. ಪಿನ್ನು ಎಷ್ಟುದ್ದವಿರಬೇಕೆಂಬುದನ್ನು ಗೊತ್ತುಮಾಡುವುದು ಕಾಗದದ ದಪ್ಪವೇ ಹೊರತು ಹೊಡೆಯುವವನ ತೋಳಬಲವಲ್ಲ. ಇದೇ ನಿಯಮ ಮನುಷ್ಯನ ಹೊಟ್ಟೆಯೊಳಗೂ ನಡೆಯುತ್ತದೆಂಬುದನ್ನು ನಾವು ತಿಳಿಯಬೇಕಾಗಿ ಬಂದುದು, ನಮ್ಮೊಡನೆ ಪಾಠ ಹೇಳುವ ಗುರುಗಳೊಬ್ಬರು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡ ಮೇಲೆ.

ಅವರ ಹೆಸರು ಇಲ್ಲಿ ಬೇಡ, ಗುರುಗಳೆಂದೇ ಕರೆಯೋಣ. ಬರೆಯಿರೆಂದು ಹೇಳಿದವರೂ ಅವರೇ. ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಹದಿನಾರು ವರ್ಷ ದುಡಿದವರು. ಎತ್ತರ ಐದೂವರೆ ಅಡಿ, ತೂಕ 128 ಕಿಲೋ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ದೇಹತೂಕ ಸೂಚ್ಯಂಕವೆಂದು ಹೆಸರು. ಗುರುಗಳದು 45ನ್ನು ದಾಟಿತ್ತು. ಮಧುಮೇಹವು ಎಂಟು ವರ್ಷಗಳಿಂದ ಜೊತೆಗಿದ್ದಿತು. ರಾತ್ರಿ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದಿತು. ನಮ್ಮ ಜನ ಇದನ್ನೆಲ್ಲ ಕಂಡೂ ‘ಬಾಯಿ ಕಟ್ಟಿದರೆ ಸಾಕಲ್ಲ’ ಎಂದು ನಗುತ್ತಾರೆ. ಗುರುಗಳು ಬಾಯಿ ಕಟ್ಟಿ ನೋಡಿದ್ದರು. ಒಮ್ಮೆಯಲ್ಲ, ನಾಲ್ಕು ಸಲ. ಪ್ರತಿ ಸಲವೂ ಹದಿನೈದು ಕಿಲೋ ಇಳಿದು ಇಪ್ಪತ್ತು ಏರಿತ್ತು. ಇಂತಹ ದೇಹವು ಹಸಿವೆಯ ಲೆಕ್ಕವನ್ನೇ ಬೇರೆ ರೀತಿಯಲ್ಲಿ ಇಟ್ಟಿರುತ್ತದೆಂದೂ, ಮನಸ್ಸಿನ ದಾರ್ಢ್ಯವೊಂದರಿಂದಲೇ ಅದನ್ನು ತಿದ್ದುವುದು ಅಪರೂಪವೆಂದೂ ವೈದ್ಯಶಾಸ್ತ್ರ ಈಗ ಒಪ್ಪುತ್ತದೆ. 2022ರಲ್ಲಿ ಅಮೆರಿಕದ ಒಂದು ವೈದ್ಯಸಂಘವೂ ಅಂತರರಾಷ್ಟ್ರೀಯ ವೈದ್ಯಸಂಘವೊಂದೂ ಕೂಡಿ ಹೊರಡಿಸಿದ ಸೂಚನೆಯಲ್ಲಿ, ಸೂಚ್ಯಂಕ 35 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಬೇರೆ ರೋಗವಿರಲಿ ಇಲ್ಲದಿರಲಿ ಈ ಚಿಕಿತ್ಸೆಯನ್ನು ಸೂಚಿಸಬಹುದೆಂದೂ, ಏಷ್ಯದ ಜನರಿಗೆ 27.5ರಿಂದಲೇ ಅದನ್ನು ಆಲೋಚಿಸಬಹುದೆಂದೂ ಹೇಳಿದೆ. ನಮ್ಮವರ ಹೊಟ್ಟೆಯ ಕೊಬ್ಬು ಕಡಿಮೆ ತೂಕದಲ್ಲಿಯೇ ಕೇಡು ಮಾಡುವುದೆಂಬುದೇ ಆ ಭೇದಕ್ಕೆ ಕಾರಣ.

ಗುರುಗಳಿಗೆ ಗೊತ್ತುಮಾಡಿದ್ದು ಸ್ಲೀವ್ ಎಂಬ ಶಸ್ತ್ರಕ್ರಿಯೆ. ಸ್ಲೀವ್ ಎಂದರೆ ಅಂಗಿಯ ತೋಳು. ಜಠರವೆಂಬುದು ಒಂದು ಬದಿಗೆ ಉಬ್ಬಿದ ಚೀಲ. ಬಾಯಿಂದ ಒಂದು ಕೊಳವೆಯನ್ನು ಅದರೊಳಗೆ ಇಳಿಸಿ, ಆ ಕೊಳವೆಗೆ ಒತ್ತಿಕೊಂಡಂತೆ ಕೆಳಗಿನಿಂದ ಮೇಲಕ್ಕೆ ಪಿನ್ನು ಹೊಡೆಯುತ್ತ ಕತ್ತರಿಸುತ್ತ ಹೋಗಿ, ಉಬ್ಬಿದ ಭಾಗವನ್ನು, ಎಂದರೆ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು, ಹೊರಗೆ ತೆಗೆದುಬಿಡುತ್ತಾರೆ. ಉಳಿಯುವುದು ಅಂಗಿಯ ತೋಳಿನಂತಹ ಒಂದು ನಾಳ. ಅರ್ಧ ಲೋಟ ನೀರು ಹಿಡಿದರೆ ಹೆಚ್ಚು. ಹೋದ ಭಾಗದಲ್ಲಿಯೇ ಹಸಿವೆಯನ್ನು ಎಬ್ಬಿಸುವ ಗ್ರೆಲಿನ್ ಎಂಬ ರಸ ಬಹುಪಾಲು ಹುಟ್ಟುವುದರಿಂದ ಹಸಿವೆಯೂ ತಗ್ಗುತ್ತದೆ. ಅಳತೆಗೆ ಇಳಿಸುವ ಕೊಳವೆಯನ್ನು ಫ್ರೆಂಚ್ ಎಂಬ ಮಾನದಲ್ಲಿ ಹೇಳುವುದು ರೂಢಿ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. 36 ಫ್ರೆಂಚಿನ ಕೊಳವೆಯ ವ್ಯಾಸ 12 ಮಿಲಿಮೀಟರ್. ನಮ್ಮ ಕೈಯ ಕಿರುಬೆರಳಿಗಿಂತ ಅಷ್ಟೇನೂ ದಪ್ಪವಲ್ಲ. ದುರ್ಬೀನಿನಿಂದ ಮಾಡುವ ಈ ಕೆಲಸಕ್ಕೆ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತುಗಳು ಸಾಕು. ಹೊರಗಿನ ಗಾಯ ಚಿಕ್ಕದೆಂದು ಜನ ಒಳಗಿನದನ್ನೂ ಚಿಕ್ಕದೆಂದು ತಿಳಿಯುವುದುಂಟು. ಒಳಗಿನ ಹೊಲಿಗೆ ಸುಮಾರು ಒಂದು ಗೇಣಿಗೂ ಉದ್ದ. ಅಷ್ಟುದ್ದಕ್ಕೂ ಒಂದೆಡೆಯಲ್ಲಿಯೂ ಬಿಡದೆ ಅದು ಹಿಡಿದಿರಬೇಕು.

ಹರಿದ ಕರುಳನ್ನು ಕೂಡಿಸುವ ಹಂಬಲ ಹಳೆಯದು. ಸುಶ್ರುತ ಸಂಹಿತೆಯಲ್ಲಿ, ತೂತು ಬಿದ್ದ ಕರುಳಿನ ಅಂಚುಗಳನ್ನು ಒಂದಕ್ಕೊಂದು ಹಿಡಿದು ದೊಡ್ಡ ಕರಿಯಿರುವೆಗಳಿಂದ ಕಚ್ಚಿಸಿ, ಅವು ಕಚ್ಚಿದೊಡನೆ ದೇಹವನ್ನು ತೆಗೆದು ತಲೆಯನ್ನಷ್ಟೇ ಬಿಡಬೇಕೆಂಬ ವಿಧಾನವಿದೆ. ಇರುವೆಯ ದವಡೆಯೇ ಅಂದಿನ ಪಿನ್ನು. ಯಂತ್ರದ ಪಿನ್ನು ಬಂದುದು 1908ರಲ್ಲಿ. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಹ್ಯೂಮರ್ ಹುಲ್ಟ್ಲ್ ಎಂಬ ಶಸ್ತ್ರವೈದ್ಯನು, ವಿಕ್ಟರ್ ಫಿಷರ್ ಎಂಬ ಉಪಕರಣ ತಯಾರಕನೊಡನೆ ಕೂಡಿ, ಜಠರಕ್ಕೆ ಲೋಹದ ತಂತಿಯ ಪಿನ್ನು ಹೊಡೆಯುವ ಯಂತ್ರವನ್ನು ಮಾಡಿಸಿದನು. ಅದು ಹಲವು ಕಿಲೋ ತೂಗುತ್ತಿದ್ದಿತು. ಬಿಡಿಭಾಗಗಳನ್ನು ಜೋಡಿಸುವುದೇ ದೊಡ್ಡ ಕೆಲಸವಾಗಿತ್ತು. ಆದರೆ ಆತನು ಅಂದು ಹಿಡಿದ ಸೂತ್ರಗಳು ಇಂದಿಗೂ ಬದಲಾಗಿಲ್ಲ: ಮಾಂಸವನ್ನು ಮೊದಲು ಅದುಮಬೇಕು, ಪಿನ್ನುಗಳ ಸಾಲುಗಳು ಒಂದರ ಸಂದಿಗೆ ಇನ್ನೊಂದು ಬರುವಂತೆ ಬೀಳಬೇಕು, ಪಿನ್ನು ಮಡಿಸಿದಾಗ ಇಂಗ್ಲಿಷಿನ ಬಿ ಅಕ್ಷರದ ಆಕಾರವಾಗಬೇಕು. 1921ರ ಹೊತ್ತಿಗೆ ಅದೇ ದೇಶದ ಆಲಾದಾರ್ ಪೆಟ್ಜ್ ಎಂಬಾತನು ಇದನ್ನು ಹಗುರ ಮಾಡಿದನು. ಎರಡನೆಯ ಮಹಾಯುದ್ಧದ ಅನಂತರ ಸೋವಿಯತ್ ದೇಶದ ತಜ್ಞರು ಮಾಸ್ಕೋದ ಸಂಸ್ಥೆಯೊಂದರಲ್ಲಿ ಇಂತಹ ಯಂತ್ರಗಳನ್ನು ಬಗೆಬಗೆಯಾಗಿ ಬೆಳೆಸಿದರು. 1958ರಲ್ಲಿ ಮಾರ್ಕ್ ರಾವಿಚ್ ಎಂಬ ಅಮೆರಿಕದ ವೈದ್ಯನು ಕೀವ್ ನಗರದಲ್ಲಿ ಅವನ್ನು ಕಂಡು ಬೆರಗಾಗಿ ತನ್ನ ನಾಡಿಗೆ ಒಯ್ದನು.

ಆ ಬಿ ಅಕ್ಷರದ ಮಾತನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಹೊಲಿಗೆಯ ಬಲವೆಲ್ಲ ಅದರಲ್ಲಿದೆ. ಕಾಗದದ ಪಿನ್ನು ಚಪ್ಪಟೆಯಾಗಿ ಮಡಿಯುತ್ತದೆ. ಕಾಗದಕ್ಕೆ ಜೀವವಿಲ್ಲವಾದುದರಿಂದ ಎಷ್ಟು ಅದುಮಿದರೂ ಅದು ಸಾಯುವುದಿಲ್ಲ. ಜಠರದ ಅಂಚನ್ನು ಹಾಗೆ ಅದುಮಿದರೆ ಅಲ್ಲಿಗೆ ರಕ್ತ ಹೋಗದೆ ಅಂಚು ಕೊಳೆಯುತ್ತದೆ. ಬಿ ಅಕ್ಷರದ ಎರಡು ಹೊಟ್ಟೆಗಳೊಳಗಿಂದ ಸಣ್ಣ ರಕ್ತನಾಳಗಳು ಹಾಯುವುದಕ್ಕೆ ಎಡೆಯಿರುತ್ತದೆ. ಸಡಿಲವಾದರೆ ಸೋರುತ್ತದೆ, ನೆತ್ತರು ಒಸರುತ್ತದೆ. ಬಿಗಿಯಾದರೆ ಮಾಂಸ ಸಾಯುತ್ತದೆ, ಸತ್ತ ಮೇಲೆ ಅದೂ ಸೋರುತ್ತದೆ. ಬಲವಾದ ಹೊಲಿಗೆ ಎಂದರೆ ಬಿಗಿಯಾದ ಹೊಲಿಗೆಯಲ್ಲವೆಂಬುದನ್ನು ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ.

ಇನ್ನು ದಪ್ಪದ ಮಾತು. ಜಠರದ ಗೋಡೆ ಎಲ್ಲೆಡೆಯಲ್ಲಿಯೂ ಒಂದೇ ದಪ್ಪವಿಲ್ಲ. ಕೆಳತುದಿಯಲ್ಲಿ, ಅನ್ನವನ್ನು ಅರೆದು ಮುಂದಕ್ಕೆ ನೂಕುವ ಭಾಗದಲ್ಲಿ, ಸ್ನಾಯು ದಪ್ಪ; ಮೇಲ್ತುದಿಯಲ್ಲಿ ತೆಳು. ಆದುದರಿಂದ ಪಿನ್ನಿನ ಪೆಟ್ಟಿಗೆಗಳು ಬಣ್ಣಬಣ್ಣದವಾಗಿರುತ್ತವೆ. ರೂಢಿಯಲ್ಲಿರುವ ಒಂದು ಪದ್ಧತಿಯಲ್ಲಿ ನೀಲಿ ಪೆಟ್ಟಿಗೆಯ ಪಿನ್ನು ಮಡಿದ ಮೇಲೆ ಒಂದೂವರೆ ಮಿಲಿಮೀಟರ್ ಎತ್ತರ, ಹಸಿರಿನದು ಎರಡು ಮಿಲಿಮೀಟರ್. ಅರ್ಧ ಮಿಲಿಮೀಟರಿನ ಭೇದ! ಅಷ್ಟರಲ್ಲಿಯೇ ಒಬ್ಬನ ಬದುಕು ನಿಂತಿರುತ್ತದೆ. ಒಂದೊಂದು ಪೆಟ್ಟಿಗೆಯೂ ಸುಮಾರು ಆರು ಸೆಂಟಿಮೀಟರ್ ಉದ್ದ. ಒಮ್ಮೆ ಹೊಡೆದರೆ ಆರು ಸಾಲು ಟೈಟೇನಿಯಮ್ ಪಿನ್ನುಗಳು ಬಿದ್ದು, ಅವುಗಳ ನಡುವೆ ಅಲಗೊಂದು ಓಡಿ, ಮೂರು ಸಾಲು ಉಳಿಯುವ ಜಠರಕ್ಕೂ ಮೂರು ಸಾಲು ಹೋಗುವ ಜಠರಕ್ಕೂ ಹಂಚಿಕೆಯಾಗುತ್ತವೆ. ಇಂತಹ ಐದಾರು ಪೆಟ್ಟಿಗೆಗಳು ಬೇಕಾಗುತ್ತವೆ. ಹೊಡೆಯುವ ಮೊದಲು ಯಂತ್ರದ ದವಡೆಯನ್ನು ಮುಚ್ಚಿ ಹದಿನೈದು ಸೆಕೆಂಡಿನಷ್ಟು ಕಾಯುವ ವೈದ್ಯರುಂಟು. ಮಾಂಸದೊಳಗಿನ ನೀರು ಅಕ್ಕಪಕ್ಕಕ್ಕೆ ಸರಿದು ದಪ್ಪವು ಒಂದು ಹದಕ್ಕೆ ಬರಲೆಂದು. ಹಸಿಮಣ್ಣಿನ ಗೋಡೆಯ ಮೇಲೆ ಅವಸರದಿಂದ ಇನ್ನೊಂದು ವರಸೆ ಏರಿಸದವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಶಸ್ತ್ರಕ್ರಿಯೆಯ ಹಿಂದಿನ ದಿನ, ದೊಡ್ಡ ನಗರದ ಒಂದು ಆಸ್ಪತ್ರೆಯಲ್ಲಿ, ವೈದ್ಯರು ಇದನ್ನೆಲ್ಲ ಮರಾಠಿಯಲ್ಲಿ ಚಿತ್ರ ತೋರಿಸಿ ಹೇಳಿದರು. ಗುರುಗಳಿಗೆ ಮರಾಠಿ ಬರುತ್ತದೆ. ಅವರ ತಾಯಿಗೆ ಬಾರದು. ಅರವತ್ತೆಂಟು ವರ್ಷದ, ಹೊಲದಲ್ಲಿಯೇ ಆಯುಷ್ಯ ಕಳೆದ ಆ ಹಿರಿಯರಿಗೆ ಕನ್ನಡದಲ್ಲಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತು. ವೈದ್ಯರು ‘ಲೀಕ್’ ಎಂದರು; ನಾವು ಸೋರಿಕೆ ಎಂದೆವು. ಅವರು ನಮ್ಮ ಮುಖವನ್ನೇ ನೋಡಿದರು.

“ಮಾಳಿಗಿ ಸೋರೂದು ಗೊತ್ತದ ಮಾಸ್ತರ್ರ, ಹೊಟ್ಟಿ ಸೋರೂದು ಹ್ಯಾಂಗ್ರಿ?”

ಸೋರುವುದು ಹೀಗೆ. ಹೊಲಿಗೆ ಎಲ್ಲಿಯಾದರೂ ಬಿಟ್ಟರೆ ಜಠರದ ಹುಳಿರಸವೂ ಉಂಡ ಗಂಜಿಯೂ ಹೊಟ್ಟೆಯ ಪೊಳ್ಳಿನೊಳಗೆ ಇಳಿಯುತ್ತದೆ. ಅಲ್ಲಿ ಅವು ಇರಬಾರದ ವಸ್ತುಗಳು. ಕೀವು ಕಟ್ಟುತ್ತದೆ, ನಂಜು ರಕ್ತಕ್ಕೆ ಏರುತ್ತದೆ. ಹಿಂದಿನ ವರ್ಷಗಳ ವರದಿಗಳಲ್ಲಿ ನೂರು ಜನರಲ್ಲಿ ಇಬ್ಬರು ಮೂವರಿಗೆ ಹೀಗಾದುದು ಕಾಣುತ್ತದೆ. ಕೈ ಪಳಗಿದಂತೆ ಇತ್ತೀಚೆಗೆ ಅದು ನೂರಕ್ಕೆ ಒಬ್ಬರ ಆಸುಪಾಸಿಗೆ ಇಳಿದಿದೆ. ಬಹುಪಾಲು ಸೋರಿಕೆಗಳು ಆಗುವುದು ಮೇಲ್ತುದಿಯಲ್ಲಿ, ಅನ್ನನಾಳವು ಜಠರವನ್ನು ಕೂಡುವ ಮೂಲೆಯ ಹತ್ತಿರ. ಅಲ್ಲಿ ಗೋಡೆ ತೆಳು, ರಕ್ತದ ಹರಿವು ಕಡಿಮೆ, ಕೊನೆಯ ಪೆಟ್ಟಿಗೆ ಬೀಳುವ ಜಾಗವೂ ಅದೇ. ಮೇಲಾಗಿ ಸ್ಲೀವ್ ಎಂಬುದು ಕಿರಿದಾದ ನಾಳ. ಹಿಗ್ಗುವ ಚೀಲವೇ ಹೋದುದರಿಂದ ಅಷ್ಟೇ ನೀರು ಕುಡಿದರೂ ಒಳಗಿನ ಒತ್ತಡ ಹೆಚ್ಚು. ನಡುವಿನ ತಿರುವು ಎಲ್ಲಿಯಾದರೂ ಇಕ್ಕಟ್ಟಾದರೆ ಮೇಲ್ಗಡೆಯ ಒತ್ತಡ ಇನ್ನೂ ಏರುತ್ತದೆ.

ಸೋರಿಕೆಯ ಭಯ ಮೊದಲಿನ ಕಾಲದ ವೈದ್ಯರಿಗೂ ಇದ್ದಿತು, ಬೇರೊಂದು ರೂಪದಲ್ಲಿ. ತೂಕ ಇಳಿಸಲು ಜಠರವನ್ನು ಬೇರ್ಪಡಿಸುವ ಪದ್ಧತಿಯನ್ನು 1966ರಲ್ಲಿ ಆರಂಭಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಮುಂದೆ 1970ರ ಹಾಗೂ 1980ರ ದಶಕಗಳಲ್ಲಿ ಅವರೂ ಇತರರೂ ಜಠರವನ್ನು ಕತ್ತರಿಸದೆ, ಬರಿಯ ಪಿನ್ನುಗಳ ಸಾಲಿನಿಂದಲೇ ಮನೆಯೊಳಗೆ ಅಡ್ಡಗೋಡೆ ಹಾಕಿದಂತೆ ಎರಡು ಕೋಣೆ ಮಾಡುತ್ತಿದ್ದರು. ಎಷ್ಟೋ ಜನರಲ್ಲಿ ತಿಂಗಳು ವರ್ಷಗಳ ಮೇಲೆ ಆ ಸಾಲು ಬಿಟ್ಟುಕೊಂಡಿತು. ಅನ್ನವು ಚಿಕ್ಕ ಕೋಣೆಯಿಂದ ದೊಡ್ಡ ಕೋಣೆಗೆ ಹಾದಿ ಮಾಡಿಕೊಂಡಿತು, ಇಳಿದ ತೂಕ ಮರಳಿತು. ಅಲ್ಲಿ ಸೋರಿದುದು ಜಠರದಿಂದ ಜಠರಕ್ಕೇ ಆದುದರಿಂದ ಪ್ರಾಣಕ್ಕೆ ಕೇಡಿರಲಿಲ್ಲ. ಶ್ರಮ ವ್ಯರ್ಥವಾಯಿತು, ಅಷ್ಟೆ. ಅಮೆರಿಕದ ಡಗ್ ಹೆಸ್ ಅವರು 1988ರಲ್ಲಿ ದೊಡ್ಡ ಶಸ್ತ್ರಕ್ರಿಯೆಯೊಂದರ ಅಂಗವಾಗಿ ಸ್ಲೀವನ್ನು ಮಾಡಿದರು. 2000ದ ನಂತರ ಅದು ತಾನೇ ಒಂದು ಚಿಕಿತ್ಸೆಯಾಗಿ ನಿಂತಿತು. ಇದರಲ್ಲಿ ಜಠರವನ್ನು ಕತ್ತರಿಸುವುದರಿಂದ ಸಾಲು ಬಿಟ್ಟರೆ ಆಚೆಗಿರುವುದು ಇನ್ನೊಂದು ಕೋಣೆಯಲ್ಲ, ಬಯಲು.

ಆದುದರಿಂದಲೇ ಪರೀಕ್ಷೆ. ಗುರುಗಳ ತಾಯಿಗೆ ಇದನ್ನು ಹೇಳುವುದು ಸುಲಭವಾಯಿತು. ಸೈಕಲ್ಲಿನ ಟ್ಯೂಬಿಗೆ ಗಾಳಿ ತುಂಬಿ ಬೋಗುಣಿಯ ನೀರಿನಲ್ಲಿ ಅದ್ದಿ ಗುಳ್ಳೆ ಏಳುವುದೇ ಎಂದು ನೋಡುವುದನ್ನು ಕಾಣದವರಾರು? ವೈದ್ಯರು ಮಾಡುವುದೂ ಅದನ್ನೇ. ಹೊಲಿಗೆ ಮುಗಿದ ಮೇಲೆ ಜಠರದ ಕೆಳಬಾಯನ್ನು ಮೆಲ್ಲಗೆ ಹಿಡಿದು ಮುಚ್ಚುತ್ತಾರೆ; ಹೊಟ್ಟೆಯ ಪೊಳ್ಳಿಗೆ ಉಪ್ಪುನೀರನ್ನು ಹೊಯ್ದು ಹೊಲಿಗೆಯನ್ನು ಮುಳುಗಿಸುತ್ತಾರೆ; ಬಾಯಿಂದ ಇಳಿಸಿದ ಕೊಳವೆಯಲ್ಲಿ ಗಾಳಿ ಬಿಡುತ್ತಾರೆ. ಗುಳ್ಳೆ ಎದ್ದರೆ ಅಲ್ಲಿ ತೂತಿದೆ, ಅಲ್ಲಿಯೇ ದಾರದಿಂದ ಹೊಲಿದು ಮತ್ತೆ ನೋಡಬೇಕು. ಇನ್ನೊಂದು ವಿಧಾನದಲ್ಲಿ ಗಾಳಿಯ ಬದಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ನೀರನ್ನು ತುಂಬುತ್ತಾರೆ. ಹೊರಗೆ ನೀಲಿ ಕಂಡರೆ ಸೋರಿಕೆಯೆಂದು ಗೊತ್ತು. ಪ್ರಯೋಗಶಾಲೆಗಳಲ್ಲಿ ಇದಕ್ಕಿಂತ ನಿಷ್ಠುರವಾದ ಪರೀಕ್ಷೆಯುಂಟು: ಹಂದಿಯ ಜಠರವನ್ನೋ, ಶಸ್ತ್ರಕ್ರಿಯೆಯಲ್ಲಿ ತೆಗೆದ ಮನುಷ್ಯರ ಜಠರದ ತುಂಡನ್ನೋ ತೆಗೆದುಕೊಂಡು, ಹೊಲಿಗೆ ಸಿಡಿಯುವವರೆಗೆ ಒತ್ತಡ ಏರಿಸುತ್ತ ಹೋಗಿ, ಎಷ್ಟಕ್ಕೆ ಬಿಟ್ಟಿತೆಂದು ಪಾದರಸದ ಮಿಲಿಮೀಟರುಗಳಲ್ಲಿ ಬರೆದುಕೊಳ್ಳುತ್ತಾರೆ. ಪಿನ್ನುಗಳ ಎತ್ತರಗಳನ್ನೂ, ಹೊಲಿಗೆಯ ಮೇಲೆ ಹಾಕುವ ಪಟ್ಟಿಗಳನ್ನೂ ಹೋಲಿಸಿ ನೋಡುವುದು ಹೀಗೆ. ಜೀವಂತ ರೋಗಿಯಲ್ಲಿ ಸಿಡಿಯುವವರೆಗೆ ಏರಿಸುವುದು ಆಗದ ಮಾತು.

ತಾಯಿ ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು:

“ಹೊಸಾ ಒಡ್ಡು ಹಾಕಿದ ದಿನಾ ನೀರು ತಡದ್ರ ಆತೇನ್ರಿ? ಮಣ್ಣು ಕೂಡಬೇಕಲ್ಲ. ಅಲ್ಲಿತನಾ ಕಾಯಾವ್ರು ಯಾರು?”

ನಾವು ಈ ಪ್ರಶ್ನೆಯನ್ನು ಮರಾಠಿಗೆ ತಿರುಗಿಸಿ ವೈದ್ಯರಿಗೆ ಕೇಳಿದೆವು. ಅವರು ನಕ್ಕು, ಪರೀಕ್ಷೆ ಮಾಡಿಯೇ ಮುಚ್ಚುತ್ತೇವೆ, ಚಿಂತೆ ಬೇಡವೆಂದು ಹೇಳಿರೆಂದರು. ಆ ನಗೆ ನಮಗೆ ಅಂದು ಸರಿಯೆನಿಸಲಿಲ್ಲ, ಇಂದಿಗೂ ಎನಿಸುವುದಿಲ್ಲ. ಕೇಳಿದ ಪ್ರಶ್ನೆ ಒಡ್ಡು ಹಾಕಿದ ದಿನದ್ದಾಗಿರಲಿಲ್ಲ.

ಗಾಯವೊಂದು ಮಾಯುವ ಬಗೆಯನ್ನು ನೋಡಿದರೆ ಆ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಮೊದಲ ಕೆಲವು ದಿನ ಅಂಚುಗಳನ್ನು ಹಿಡಿದಿರುವುದು ಪಿನ್ನುಗಳು ಮಾತ್ರ. ಅಂಚಿನ ಹಳೆಯ ನಾರು ಕರಗುತ್ತಿರುತ್ತದೆ, ಹೊಸ ನಾರು ಇನ್ನೂ ಹುಟ್ಟುತ್ತಿರುತ್ತದೆ. ನಡುವಿನ ಆ ದಿನಗಳಲ್ಲಿ ಕೂಡಿಕೆ ಶಸ್ತ್ರಕ್ರಿಯೆಯ ದಿನಕ್ಕಿಂತಲೂ ದುರ್ಬಲವಾಗಿರಬಲ್ಲದು. ಪಿನ್ನು ಸರಿಯಾಗಿ ಮಡಿಯದೆ ಆದ ಸೋರಿಕೆ ಮೊದಲ ಒಂದೆರಡು ದಿನಗಳಲ್ಲಿಯೇ ತಲೆಯೆತ್ತುತ್ತದೆ. ರಕ್ತ ಸಾಲದೆ ಅಂಚು ಸತ್ತು ಆಗುವ ಸೋರಿಕೆ ಐದಾರು ದಿನ ಕಳೆದು, ಎಷ್ಟೋ ವೇಳೆ ರೋಗಿ ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ. ಗುಳ್ಳೆಯ ಪರೀಕ್ಷೆ ಹಿಡಿಯಬಲ್ಲುದು ಮೊದಲನೆಯದನ್ನು. ಎರಡನೆಯದು ಆ ಹೊತ್ತಿಗೆ ಹುಟ್ಟಿಯೇ ಇರುವುದಿಲ್ಲ. ಹುಟ್ಟದುದನ್ನು ಯಾವ ಬೋಗುಣಿಯ ನೀರು ತಾನೇ ತೋರಿಸೀತು? ಪರೀಕ್ಷೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ಹಿಡಿಯುವ ತೂತನ್ನು ಆಗಲೇ ಹೊಲಿಯಬಹುದು, ಅದು ಸಣ್ಣ ಲಾಭವಲ್ಲ.

ಗುರುಗಳ ಶಸ್ತ್ರಕ್ರಿಯೆ 2023ರ ಬೇಸಗೆ ರಜೆಯಲ್ಲಿ ನಡೆಯಿತು. ಗುಳ್ಳೆ ಏಳಲಿಲ್ಲ. ಮೂರನೆಯ ದಿನ ಮನೆಗೆ ಕಳಿಸಿದರು. ಚೀಟಿಯಲ್ಲಿ ಸೋರಿಕೆ ಪರೀಕ್ಷೆ ಮಾಡಲಾಗಿದೆ, ಸೋರಿಕೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಿತು. ಎರಡು ದಿನ ನೀರು, ತಿಳಿಸಾರು, ಮಜ್ಜಿಗೆಗಳನ್ನು ಚಮಚದಿಂದ ಕುಡಿದುಕೊಂಡು ಲವಲವಿಕೆಯಿಂದಲೇ ಇದ್ದರು. ಆರನೆಯ ದಿನ ಸಂಜೆ ಎಡಭುಜದಲ್ಲಿ ನೋವೆಂದರು. ರಾತ್ರಿ ಚಳಿ ಬಂದಿತು. ಅವರ ಪತ್ನಿ ಆಸ್ಪತ್ರೆಗೆ ಫೋನು ಮಾಡಿದರೆ ಅತ್ತಲಿಂದ ಯಾರೋ ಚೀಟಿ ಓದಿಸಿ ಕೇಳಿ, “ಟೆಸ್ಟ್ ನಾರ್ಮಲ್ ಇದೆಯಲ್ಲ, ಪಿತ್ತವಿರಬೇಕು, ಗುಳಿಗೆ ಕೊಡಿ, ನಾಡಿದ್ದು ತೋರಿಸಲು ಬನ್ನಿ” ಎಂದು ಮರಾಠಿಯಲ್ಲಿ ಹೇಳಿದರಂತೆ. ಆಗ ಅವರು ನಮ್ಮನ್ನು ಕರೆದರು.

ನಾವು ವೈದ್ಯರಲ್ಲ. ಆದರೆ ಮಣಿಕಟ್ಟಿನಲ್ಲಿ ನಾಡಿ ಎಣಿಸುವುದನ್ನು ವರ್ಷವರ್ಷವೂ ಮಕ್ಕಳಿಗೆ ಕಲಿಸುತ್ತೇವೆ: ಕುಳಿತಾಗ ಎಷ್ಟು, ಮೈದಾನ ಸುತ್ತಿ ಓಡಿ ಬಂದಾಗ ಎಷ್ಟು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಗುರುಗಳ ಕೈ ಹಿಡಿದೆವು: ಮೂವತ್ತೊಂದು. ಎಂದರೆ 124. ಮಲಗಿದ್ದ ಮನುಷ್ಯನಿಗೆ ಮೈದಾನ ಸುತ್ತಿ ಬಂದವನ ನಾಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿದೆವು, ಹಾಗೆಯೇ ಇದ್ದಿತು. ಇಂತಹ ಶಸ್ತ್ರಕ್ರಿಯೆಯಾದವರ ನಾಡಿ 120ನ್ನು ದಾಟಿ ನಿಂತರೆ, ಹೊಟ್ಟೆ ಮೆತ್ತಗಿದ್ದರೂ ನೋವು ಅಲ್ಪವಾಗಿದ್ದರೂ, ಸೋರಿಕೆಯನ್ನೇ ಮೊದಲು ಶಂಕಿಸಬೇಕೆಂಬುದು ವೈದ್ಯರಲ್ಲಿ ಬಹುಕಾಲದಿಂದ ಬಂದ ಎಚ್ಚರಿಕೆ. ದಪ್ಪ ದೇಹದವರಲ್ಲಿ ಹೊಟ್ಟೆಯನ್ನು ಒತ್ತಿ ನೋಡಿ ಹೇಳುವುದು ಕಷ್ಟ. ನಾಡಿಯೇ ಮೊದಲು ಕೂಗುತ್ತದೆ. ಹಿಂದಿನ ವಾರದ ವಿವರಣೆಯಲ್ಲಿ ವೈದ್ಯರೇ ಈ ಅಂಕಿಯನ್ನು ಹೇಳಿದ್ದರು, ನಾವು ಬರೆದುಕೊಂಡಿದ್ದೆವು. ಫೋನಿನಲ್ಲಿ ಮಾತನಾಡಿದವರಿಗೆ ಅದು ಗೊತ್ತಿದ್ದಂತೆ ತೋರಲಿಲ್ಲ.

ತಾಯಿ ಅಷ್ಟರಲ್ಲಿ ಗಂಟುಮೂಟೆ ಕಟ್ಟಿದ್ದರು. “ಒಡ್ಡು ಒಡದದ. ನಡೀರಿ” ಎಂದರು. ಪಕ್ಕದ ಮನೆಯವರ ಗಾಡಿಯಲ್ಲಿ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಅಂಬ್ಯುಲೆನ್ಸಿನಲ್ಲಿ ಮುಂದೆ ಸಾಗಿ, ಬೆಳಗಿನ ಜಾವಕ್ಕೆ ಆ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಬಣ್ಣದ ಔಷಧಿ ಕುಡಿಸಿ ಸಿ.ಟಿ. ಚಿತ್ರ ತೆಗೆದರು. ಮೇಲ್ತುದಿಯಲ್ಲಿ, ಹೇಳಿದ್ದ ಮೂಲೆಯಲ್ಲಿಯೇ, ಔಷಧಿ ಹೊರಗೆ ಹೋಗಿ ಗುಲ್ಮದ ಪಕ್ಕದಲ್ಲಿ ನಿಂತಿದ್ದಿತು. ಅಲ್ಲಿದ್ದ ಕಿರಿಯ ವೈದ್ಯರೊಬ್ಬರು ಚೀಟಿಯನ್ನೂ ಚಿತ್ರವನ್ನೂ ಒಂದಾದ ಮೇಲೊಂದು ನೋಡಿ, “ಟೆಸ್ಟ್ ನಾರ್ಮಲ್ ಇತ್ತಲ್ಲ” ಎಂದು ಮತ್ತೆ ಅದೇ ಮಾತನ್ನು ಅಂದರು. ನಮಗೆ ಸಿಟ್ಟು ಬಂದುದು ಆಗ. ಸೋರಿಕೆ ಆದುದಕ್ಕಲ್ಲ, ಪಳಗಿದ ಕೈಗಳಲ್ಲಿಯೂ ಅದು ಆಗುತ್ತದೆಂದು ಮೊದಲೇ ಹೇಳಿದ್ದರು, ಗುರುಗಳು ಸಹಿ ಹಾಕಿದ್ದರು. ಶುಕ್ರವಾರ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಗುರುವಾರದ ಪ್ರಶ್ನೆಗೂ ಒಪ್ಪಿಸಿದುದಕ್ಕೆ. ಜೂನಿನಲ್ಲಿ ಮಗ್ಗಿ ಒಪ್ಪಿಸಿದ ಹುಡುಗನನ್ನು ಮಾರ್ಚಿನಲ್ಲಿ ಕೇಳದೆಯೇ ಪಾಸು ಮಾಡುವ ಮಾಸ್ತರನನ್ನು ಸಾಹೇಬರು ಬಿಟ್ಟಾರೆಯೆ?

ಮುಂದಿನ ಚಿಕಿತ್ಸೆಯನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. ಹೊಟ್ಟೆಯೊಳಗೆ ನಿಂತ ಕೀವನ್ನು ಕೊಳವೆಯಿಂದ ಹೊರಗೆ ಹರಿಸಿದರು. ಜೀವನಿರೋಧಕ ಔಷಧಿಗಳನ್ನು ರಕ್ತನಾಳದಲ್ಲಿ ಕೊಟ್ಟರು. ಬಾಯಿಂದ ಏನನ್ನೂ ಕೊಡದೆ, ಮೂಗಿನಿಂದ ಸಣ್ಣ ಕರುಳಿನವರೆಗೆ ಇಳಿಸಿದ ನಳಿಗೆಯಲ್ಲಿ ಆಹಾರ ಹಾಕಿದರು. ತೂತಿನ ಎದುರಿಗೆ ಒಳಗಡೆಯಿಂದ ಸ್ಟೆಂಟ್ ಎಂಬ ಜಾಳಿಗೆಯ ಕೊಳವೆಯನ್ನು ಇಟ್ಟು, ರಸವು ತೂತನ್ನು ತಪ್ಪಿಸಿ ಹಾಯುವಂತೆ ಮಾಡಿದರು. ಹಿರಿಯ ವೈದ್ಯರು ದಿನಕ್ಕೆ ಎರಡು ಸಲ ಬಂದು ನೋಡಿದರು, ಅದನ್ನೂ ಹೇಳಬೇಕು. ಹೊಸದಾಗಿ ಹೊಲಿದರೆ ಆಗದೇ ಎಂದು ತಾಯಿ ಕೇಳಿದರು. ಕೀವಿನಲ್ಲಿ ನೆಂದ ಮಾಂಸ ದಾರವನ್ನು ಹಿಡಿಯುವುದಿಲ್ಲ, ಒಳಗಿನಿಂದ ತಾನಾಗಿ ಕೂಡಲು ಬಿಡಬೇಕೆಂದು ಅವರು ಈ ಸಲ ನಗದೆ ಹೇಳಿದರು. ಆರು ವಾರದ ಮೇಲೆ ಜಾಳಿಗೆಯನ್ನು ತೆಗೆದರು. ಮತ್ತೊಮ್ಮೆ ಬಣ್ಣದ ನೀರು ಕುಡಿಸಿ ನೋಡಿದಾಗ ಅದು ನೆಟ್ಟಗೆ ಕೆಳಗಿಳಿಯಿತು. ತಾಯಿ ಪರದೆಯ ಮೇಲೆ ಆ ಕಪ್ಪು ಗೆರೆಯನ್ನು ಕಣ್ಣಾರೆ ಕಂಡರು.

ಶಾಲೆ ಆರಂಭವಾಗಿ ತಿಂಗಳುಗಳೇ ಕಳೆದ ಮೇಲೆ ಗುರುಗಳು ಬಂದರು. ಈಗ ಅವರ ತೂಕ 86 ಕಿಲೋ. ಮಧುಮೇಹದ ಗುಳಿಗೆಗಳಲ್ಲಿ ಎರಡು ನಿಂತು ಒಂದು ಉಳಿದಿದೆ. ಮಧ್ಯಾಹ್ನದ ಬುತ್ತಿಯಲ್ಲಿ ಅರ್ಧ ಜೋಳದ ರೊಟ್ಟಿ, ಒಂದಿಷ್ಟು ಬೇಳೆ, ಚಿಟಿಕೆ ಶೇಂಗಾ ಚಟ್ನಿ. ಅದನ್ನೇ ಇಪ್ಪತ್ತೈದು ನಿಮಿಷ ಅಗಿಯುತ್ತಾರೆ. ಬಿ-12 ಜೀವಸತ್ತ್ವ, ಕಬ್ಬಿಣ, ಸುಣ್ಣಸತ್ತ್ವಗಳನ್ನು ಬಾಳಿನುದ್ದಕ್ಕೂ ಬಿಡುವಂತಿಲ್ಲ. ವರ್ಷಕ್ಕೊಮ್ಮೆ ರಕ್ತ ತೋರಿಸಬೇಕು. ಈ ಚಿಕಿತ್ಸೆಯೇ ಬೇಡವಾಗಿತ್ತೆ ಎಂದು ಕೇಳಿದವರಿಗೆ ಅವರು ಬೇಕಾಗಿತ್ತೆಂದೇ ಹೇಳುತ್ತಾರೆ. ನಾವೂ ಒಪ್ಪುತ್ತೇವೆ. ಮೊದಲಿನ ತೂಕವೂ ಮೊದಲಿನ ಸಕ್ಕರೆಯೂ ಅವರನ್ನು ಎಲ್ಲಿಗೆ ಒಯ್ಯುತ್ತಿದ್ದವೆಂಬುದು ಅವರ ತಂದೆಯವರ ಐವತ್ತೆರಡನೆಯ ವಯಸ್ಸಿನ ಮರಣದಿಂದ ಮನೆಮಂದಿಗೆಲ್ಲ ತಿಳಿದ ವಿಷಯ.

ಕಳೆದ ತಿಂಗಳು ಜತ್ತದ ಕಡೆಯ ಶಿಕ್ಷಕಿಯೊಬ್ಬರು, ತಮ್ಮ ತಮ್ಮನಿಗೆ ಇದೇ ಶಸ್ತ್ರಕ್ರಿಯೆ ಗೊತ್ತಾಗಿದೆಯೆಂದು ಹೇಳಿ, ವೈದ್ಯರನ್ನು ಏನು ಕೇಳಬೇಕೆಂದು ಗುರುಗಳಲ್ಲಿ ವಿಚಾರಿಸಿದರು. ಗುರುಗಳು ಹೇಳುತ್ತ ಹೋದರು, ಅಕ್ಕನವರು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು. ಇಂತಹವನ್ನು ಎಷ್ಟು ಮಾಡಿದ್ದೀರಿ, ಅದರಲ್ಲಿ ಎಷ್ಟು ಸೋರಿದವು. ಸೋರಿದರೆ ಇದೇ ಆಸ್ಪತ್ರೆಯಲ್ಲಿ ನೋಡುವಿರೋ, ಬೇರೆಡೆಗೆ ಕಳಿಸುವಿರೋ. ಗಾಳಿಯ ಪರೀಕ್ಷೆ ಮಾಡುವಿರಾ, ಮಾಡಿದ ಮೇಲೆ ಎಷ್ಟು ದಿನ ಏನೇನನ್ನು ಗಮನಿಸಬೇಕು. ಚೀಟಿಯನ್ನು ತಾಯಿ ಓದುವ ಭಾಷೆಯಲ್ಲಿ ಕೊಡುವಿರಾ. ನಾಡಿ ಎಷ್ಟಾದರೆ ಹೊರಡಬೇಕು. ಕೊನೆಯದನ್ನು ತಾಯಿಯೇ ಒಳಗಿನಿಂದ ಕೂಗಿ ಹೇಳಿದರು: ರಾತ್ರಿ ಎರಡಕ್ಕ ಫೋನ್ ಹಚ್ಚಿದ್ರ ಎತ್ತಾವ್ರು ಯಾರು, ಅವ್ರ ಹೆಸರು ಬರಸ್ಕೋರಿ.